ಉಲಾನ್ ಗಾಳಿಗೆ ಎದೆಯೊಡ್ಡಿದ ಶಾಯ್ಲೋಬೆಕ್

ನಮ್ಮ ಬೀದಿಯ ಶಾಯ್ಲೋಬೆಕ್ ಹುಟ್ಟಿದ್ದು ಚುನಾವಣೆಯ ದಿನ. ನಮ್ಮ ಭಾಷೆಯಲ್ಲಿ ಶಾಯ್ಲೋ ಎಂದರೆ ಚುನಾವಣೆ ತಾನೆ, ಅವನ ಅಪ್ಪ ಅಮ್ಮ ಬೇರೆ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ. ಆಗಿನ ಕಾಲದ ಚುನಾವಣೆಗೆ ನಿಲ್ಲುತ್ತಿದ್ದವನು ಒಬ್ಬನೇ, ಗೆಲ್ಲುತ್ತಿದ್ದವನೂ ಅವನೇ. ಆ ಗುಣ ಈ ಮನುಷ್ಯನಿಗೆ ಹುಟ್ಟಿದ ಗಳಿಗೆಯಲ್ಲೇ ಅಂಟಿಕೊಂಡಿತು ಅಂತ ನನ್ನ ನಂಬಿಕೆ. ಅವನು ಮಾತಾಡುವಾಗ ಎದುರಿಗೆ ಇನ್ನೊಬ್ಬರಿಗೂ ಬಾಯಿದೆ ಅನ್ನುವುದು ಅವನಿಗೆ ಹೊಳೆದದ್ದನ್ನು ನಾನಂತೂ ಕಂಡಿಲ್ಲ.

ನಮ್ಮೂರು ಬಾಲಿಕ್ಚಿಯ ಬಂದರು ಇನ್ನೂ ನಡೆಯುತ್ತಿದ್ದಾಗ ಅವನು ಅಲ್ಲಿ ಕೆಲಸಕ್ಕಿದ್ದ. ಲಾರಿಗಳು ಒಳಗೆ ಬರುವಾಗ ಗೇಟಿನ ಅಡ್ಡತೊಲೆ ಎತ್ತಬೇಕು, ಬಂದಮೇಲೆ ಇಳಿಸಬೇಕು, ಅಷ್ಟೇ ಕೆಲಸ. ಆದರೆ ಅವನ ಬಾಯಲ್ಲಿ ಕೇಳಿದರೆ ಇಸಿಕ್‌ಕುಲ್ ಸರೋವರದ ಮೇಲೆ ತೇಲಿದ ಹಡಗೆಲ್ಲ ಅವನ ಅಪ್ಪಣೆ ಪಡೆದೇ ತೇಲಿದ್ದು. ಬಂದರು ಮುಚ್ಚಿತು, ಕ್ರೇನುಗಳು ತುಕ್ಕು ಹಿಡಿದವು. ಎತ್ತಲು ಇಳಿಸಲು ತೊಲೆ ಇಲ್ಲದೆ ಒದ್ದಾಡುತ್ತಿದ್ದ ಶಾಯ್ಲೋಬೆಕ್ ನಮ್ಮ ಬೀದಿಯನ್ನೇ ಆಳತೊಡಗಿದ. ಬೀದಿಯ ಹಿರಿಯನಾಗಲು ಬೇರೆ ಯಾರಿಗೂ ಪುರುಸೊತ್ತಿರಲಿಲ್ಲ, ಅವನಿಗೆ ಪುರುಸೊತ್ತು ಬಿಟ್ಟು ಬೇರೇನೂ ಇರಲಿಲ್ಲ.

ನಾನು ಉಲ್ಕಾನ್, ಅವನ ಎದುರು ಮನೆಯವಳು. ಮಿಷನ್ನಿನಲ್ಲಿ ಕಲ್ಪಾಕ್ ಟೋಪಿ ಹೊಲಿಯುತ್ತೇನೆ. ಕರೆಂಟು ಹೋದರೆ ನನ್ನ ಅಂದಿನ ದುಡಿಮೆಯೂ ಹೋಯಿತು. ಹಾಗಾಗಿ ಶಾಯ್ಲೋಬೆಕ್‌ನ ಬಗ್ಗೆ ನಾನು ಮೃದುವಾಗಿ ಮಾತಾಡುತ್ತೇನೆ ಅಂತ ಯಾರೂ ಕಾಯಬೇಡಿ.

ನಮ್ಮೂರಿಗೆ ಪಶ್ಚಿಮದ ಕಣಿವೆಯಿಂದ ಉಲಾನ್ ಗಾಳಿ ನುಗ್ಗುತ್ತದೆ. ನುಗ್ಗಿದ ದಿನ ಬೀದಿಯಲ್ಲಿ ನಾಯಿಯೂ ಓರೆಯಾಗಿ ನಡೆಯುತ್ತದೆ. ಕಂಬಗಳು ಮೊದಲೇ ಕುಡುಕರ ಹಾಗೆ ವಾಲಿವೆ, ತಂತಿಗಳು ಒಗೆದ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿದ್ದಿವೆ. ಗಾಳಿ ಒಂದು ತಂತಿಯನ್ನು ಇನ್ನೊಂದಕ್ಕೆ ಬಡಿದರೆ ಚಟ್ಟನೆ ಕಿಡಿ ಹಾರಿ, ಬೀದಿ ತುದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸು ಸುಟ್ಟುಹೋಗುತ್ತದೆ. ಇದು ಹುಟ್ಟಿದಾಗಿನಿಂದ ನೋಡಿದ್ದು. ವರ್ಷಕ್ಕೆ ಕೆಲವು ಸಲ ಕತ್ತಲೆಯಾಗುತ್ತಿತ್ತು, ನಾವು ಬೈದುಕೊಂಡು ಸುಮ್ಮನಾಗುತ್ತಿದ್ದೆವು.

ಆ ಕೆಲವು ಸಲವನ್ನು ಪ್ರತಿ ಸಲ ಮಾಡಿದವನು ಶಾಯ್ಲೋಬೆಕ್.

ಗಾಳಿಯನ್ನು ತಡೆಯುತ್ತೇನೆ ಅಂತ ಅವನಿಗೆ ಒಂದು ವಸಂತದಲ್ಲಿ ಹೊಳೆಯಿತು. ಮನೆ ಮುಂದೆ ಉದ್ದಕ್ಕೂ ಪಾಪ್ಲರ್ ಸಸಿ ನೆಟ್ಟ. ನೆಟ್ಟದ್ದು ಎಲ್ಲಿ? ಕರೆಂಟು ತಂತಿಯ ನೇರ ಕೆಳಗೆ. ನಾನೇ ಹೋಗಿ ಹೇಳಿದೆ.

"ಬಾಯ್ಕೆ, ಸ್ವಲ್ಪ ತಲೆ ಎತ್ತಿ ನೋಡಿ. ಮೇಲೆ ತಂತಿ ಇದೆ."

ಬಾಯ್ಕೆ ಅಂದರೆ ಅಣ್ಣ. ವಯಸ್ಸಿಗೆ ಮರ್ಯಾದೆ ಕೊಡಬೇಕಲ್ಲ, ಅದಕ್ಕೆ ಅಂದೆ, ಅಷ್ಟೇ.

ಅವನು ತಲೆ ಎತ್ತಲೇ ಇಲ್ಲ. "ತಂತಿ ಕರೆಂಟು ಆಫೀಸಿನೋರದ್ದು, ಮರ ನಂದು. ದೊಡ್ಡದಾದ್ಮೇಲೆ ತಂತೀನ ಅವರೇ ಆ ಕಡೆ ಸರಿಸ್ಕೋತಾರೆ, ಬಿಡು ತಂಗಿ. ನೀನು ಟೋಪಿ ಹೊಲಿ. ಟೋಪಿ ಒಳಗೆ ಇರೋ ವಿಷಯ ನಮಗೆ ಬಿಡು."

ಪಾಪ್ಲರ್ ಬೆಳೆಯುವುದು ಸಾಲಗಾರನ ಬಡ್ಡಿಗಿಂತ ಬೇಗ. ನೋಡನೋಡುತ್ತ ಮರಗಳು ತಂತಿ ಮುಟ್ಟಿದವು, ತಂತಿಯನ್ನು ದಾಟಿದವು. ಆಮೇಲೆ ಉಲಾನ್ ಬಂದಾಗಲೆಲ್ಲ ಕೊಂಬೆ ತಂತಿಗೆ ಬಡಿಯುವುದು, ಕಿಡಿ ಹಾರುವುದು, ನನ್ನ ಮಿಷನ್ ಅರ್ಧ ಹೊಲಿಗೆಯಲ್ಲಿ ನಿಲ್ಲುವುದು. ಗಾಳಿ ತಡೆಯಿತೇ? ಗಾಳಿ ಎಲೆಗಳನ್ನೆಲ್ಲ ಕಿತ್ತು ನಮ್ಮ ಅಂಗಳಕ್ಕೆ ತುಂಬಿ, ಎಂದಿನ ಹಾಗೆ ಮುಂದಕ್ಕೆ ಹೋಗುತ್ತಿತ್ತು.

ಕೊಂಬೆ ಕಡಿಯಲು ವಿದ್ಯುತ್ ಆಫೀಸಿನವರು ಬರುತ್ತಿದ್ದರು. ಅವರ ಮುಖ್ಯಸ್ಥ ಮಿರ್ಜಾಕಾನ್ ಅಂತ, ಏಣಿ ಹತ್ತುವುದಕ್ಕಿಂತ ಚಹಾ ಕುಡಿಯುವುದರಲ್ಲಿ ನುರಿತವನು. ಶಾಯ್ಲೋಬೆಕ್ ಎರಡೂ ಕೈ ಅಗಲಿಸಿ ಮರಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. "ಮೊದ್ಲು ನನ್ನ ಕಡಿ, ಆಮೇಲೆ ಮರ!" ಮಿರ್ಜಾಕಾನ್ ಒಂದು ಕ್ಷಣ ಅದನ್ನು ನಿಜವಾಗಿ ಯೋಚಿಸುತ್ತಿದ್ದ ಅಂತ ಕಾಣುತ್ತದೆ. ಕೊನೆಗೆ ಚಹಾ ಕುಡಿದು, ಫ್ಯೂಸು ಬದಲಿಸಿ, ಹೊರಟುಹೋಗುತ್ತಿದ್ದ. ಅವನಿಗೂ ನಾಚಿಕೆ ಇರಲಿಲ್ಲ.

ಕರೆಂಟು ಹೋದ ಮರುಗಳಿಗೆ ಶಾಯ್ಲೋಬೆಕ್ ಆಫೀಸಿಗೆ ಫೋನು ಹಚ್ಚುತ್ತಿದ್ದ. ತಪ್ಪು ಯಾರದ್ದು? ಆಫೀಸಿನವರದ್ದು. ಮೇಲಿನ ಬೀದಿಯವರ ಹೀಟರಿನದ್ದು. ಒಂದು ಸಲ ನನ್ನ ಹೊಲಿಗೆ ಮಿಷನ್ನಿನದ್ದೂ ಆಯಿತು: "ಅವಳು ಪೆಡಲ್ ಒತ್ತಿದ್ರೆ ನಮ್ಮನೆ ಬಲ್ಬು ಕಣ್ಣು ಹೊಡಿಯುತ್ತೆ!" ಫೋನೆತ್ತುವ ಹೆಂಗಸು ಅವನ ದನಿ ಕೇಳಿದೊಡನೆ ರಿಸೀವರನ್ನು ಮೇಜಿನ ಮೇಲೆ ಮಲಗಿಸಿ, ತನ್ನ ಊಟ ಮುಗಿಸಿ, ಆಮೇಲೆ ಎತ್ತಿಡುತ್ತಿದ್ದಳಂತೆ. ಅವನಿಗೆ ಅದೂ ಗೊತ್ತಾಗಲಿಲ್ಲ. "ಇವತ್ತು ಚೆನ್ನಾಗಿ ಕೇಳಿಸ್ಕೊಂಡ್ರು, ಒಂದು ಮಾತೂ ಎದುರಾಡಲಿಲ್ಲ" ಅಂತ ಬೀಗುತ್ತಿದ್ದ.

ಆಮೇಲೆ ಜನರೇಟರ್ ತಂದ. ಬೀದಿಯೆಲ್ಲ ಕತ್ತಲಲ್ಲಿ ಕೂತಿರುವಾಗ ಅದು ಅವನ ಅಂಗಳದಲ್ಲಿ ಡುಗುಡುಗು ಅನ್ನುತ್ತಿತ್ತು. ಪರದೆ ಸರಿಸಿ, ಎಲ್ಲ ದೀಪ ಹಚ್ಚಿ, ಕಿಟಕಿಯ ಎದುರೇ ಕುಳಿತು ಚಹಾ ಕುಡಿಯುತ್ತಿದ್ದ. ನಮಗೆ ಕಾಣಲಿ ಅಂತ. ಅವನ ಹೆಂಡತಿ ಕಾಲಿಚಾ ಮಾತ್ರ ಆ ಕಿಟಕಿಯಲ್ಲಿ ಒಂದು ದಿನವೂ ಕಾಣಿಸಿಕೊಳ್ಳಲಿಲ್ಲ. ನಾಚಿಕೆಗೆ ಹಿಂದಿನ ಕೋಣೆಯಲ್ಲಿರುತ್ತಿದ್ದಳು. ಅವಳು ಒಳ್ಳೆಯವಳು, ಮಾತು ಕಡಿಮೆ. ಆ ಮನೆಯಲ್ಲಿ ಮಾತಿಗೆ ಜಾಗವಾದರೂ ಎಲ್ಲಿತ್ತು?

ಈಗ ಆ ಏಪ್ರಿಲಿನ ವಿಷಯಕ್ಕೆ ಬರುತ್ತೇನೆ.

ಬಂದರಿನಲ್ಲಿ ಹಿಂದೆ ದೊಡ್ಡ ಸಾಹೇಬನಾಗಿದ್ದ ಅಬ್ದಿಜಾಪರ್ ಎಂಬ ಮುದುಕ ರಾಜಧಾನಿ ಬಿಷ್ಕೆಕ್‌ನಲ್ಲಿದ್ದ. ಅವನು ಹೆಂಡತಿಯ ಜೊತೆ ನಮ್ಮೂರ ಮೇಲೆ ಹಾದುಹೋಗುತ್ತಾನೆಂಬ ಸುದ್ದಿ ಶಾಯ್ಲೋಬೆಕ್‌ಗೆ ಸಿಕ್ಕಿತು. ಸರಿ, ಫೋನು ಮಾಡಿ ಕಾಡಿ ಬೇಡಿ ಊಟಕ್ಕೆ ಕರೆದ. ಅಂದು ಬೆಳಿಗ್ಗೆಯಿಂದಲೇ ಉಲಾನ್ ಬೀಸುವ ಸೂಚನೆಯಿತ್ತು, ಸಾಹೇಬ ಹಿಂಜರಿದನಂತೆ. ಇವನು ಬೀದಿಗೆಲ್ಲ ಕೇಳುವ ಹಾಗೆ ಫೋನಿನಲ್ಲಿ ಕೂಗಿದ:

"ಗಾಳಿ ಊರಲ್ಲಿದೆ ಸಾಹೇಬ್ರೇ, ನಮ್ಮ ಬೀದೀಲಿಲ್ಲ! ನನ್ನ ಪಾಪ್ಲರ್‌ಗಳು ಅದನ್ನ ಒಳಗೆ ಬಿಡಲ್ಲ. ಬನ್ನಿ, ಮೇಣದ ಬತ್ತಿ ಹಚ್ಚಿದ್ರೂ ಆರಲ್ಲ!"

ಕಬ್ಬಿಣದ ಗೇಟಿಗೆ ನೀಲಿ ಬಣ್ಣ ಬಳಿದ. ಅತಿಥಿಗಳು ಬಂದಮೇಲೆ ಅವರ ಕಣ್ಣೆದುರೇ ಕೊಯ್ಯಿಸಬೇಕು, ಮರ್ಯಾದೆ ಎದ್ದು ಕಾಣಬೇಕು ಅಂತ ಕೊಬ್ಬಿದ ಟಗರೊಂದನ್ನು ತಂದು ಗೇಟಿನ ಒಳಬದಿಗೆ ಸರಪಳಿಯಲ್ಲಿ ಕಟ್ಟಿದ.

ಮಧ್ಯಾಹ್ನದ ಹೊತ್ತಿಗೆ ಉಲಾನ್ ನಿಜವಾಗಿ ಬಂತು. ಇಂಥ ಗಾಳಿ ನಾನು ನೋಡಿದ್ದು ಕಡಿಮೆ. ಸರೋವರದ ನೀರು ಬೂದಿ ಬಣ್ಣಕ್ಕೆ ತಿರುಗಿತು. ಮೇಲಿನ ಬೀದಿಯ ಯಾರದ್ದೋ ತಗಡು ನಮ್ಮ ತಲೆ ಮೇಲೆ ಹಾರಿಹೋಯಿತು. ಪಾಪ್ಲರ್‌ಗಳು ಬಿಲ್ಲಿನ ಹಾಗೆ ಬಾಗಿ, ಎದ್ದು, ಮತ್ತೆ ಬಾಗಿದವು. ಮಿಷನ್ನಿನ ಮುಂದೆ ಕುಳಿತು, ಕರೆಂಟು ಈಗ ಹೋಗುತ್ತದೆ, ಇನ್ನೇನು ಹೋಗುತ್ತದೆ ಅಂತ ಕಾಯುತ್ತಿದ್ದೆ. ಅಷ್ಟರಲ್ಲಿ ಗೇಟಿನ ಪಕ್ಕದ ಮರ ನಡುವಿಗೇ ಮುರಿದು ತಂತಿಗಳ ಮೇಲೆ ಬಿತ್ತು. ಒಂದು ತಂತಿ ತುಂಡಾಗಿ ಹಾವಿನ ಹಾಗೆ ನುಲಿದು ನೀಲಿ ಗೇಟಿನ ಮೇಲೆ ಮಲಗಿತು.

ವಿಚಿತ್ರವೆಂದರೆ ನನ್ನ ದೀಪ ಪೂರ್ತಿ ಆರಲಿಲ್ಲ, ಮಂಕಾಗಿ ಉರಿಯುತ್ತಲೇ ಇತ್ತು. ನೆಲ ಒಣಗಿದ್ದರಿಂದ ಫ್ಯೂಸು ಹಾರಿರಲಿಲ್ಲ. ತಂತಿಯಲ್ಲಿ ಇನ್ನೂ ಜೀವವಿತ್ತು.

ಹೊರಗೆ ಓಡಿ ಬರುವಷ್ಟರಲ್ಲಿ ಟಗರು ಬೆದರಿ ಗೇಟಿಗೆ ಹಾಯ್ದು, ಒಂದೇ ಸಲ ಬಿಗಿದುಕೊಂಡು ಬಿತ್ತು. ಮತ್ತೆ ಏಳಲಿಲ್ಲ.

ಇದೇ ಗಳಿಗೆಗೆ ಸಾಹೇಬನ ಕಾರು ಬಂದು ನಿಂತಿತು. ಮುದುಕ ಇಳಿದ, ಅವನ ಟೋಪಿ ಇಳಿಯದೆ ನೇರವಾಗಿ ಸರೋವರದ ಕಡೆ ಹೊರಟಿತು. ಹೆಂಡತಿ ಕಾರಿನ ಬಾಗಿಲು ಹಿಡಿದು ನಿಂತಳು. ಬಾಗಿಲು ಅವಳನ್ನು ಹಿಡಿದಿತ್ತೋ, ಅವಳು ಬಾಗಿಲನ್ನೋ, ಹೇಳುವುದು ಕಷ್ಟ.

"ಹತ್ರ ಹೋಗ್ಬೇಡಿ!" ಅಂತ ನಾನು ಕಿರುಚಿದೆ. "ಗೇಟಿಗೆ ಕರೆಂಟು ಬಂದಿದೆ!"

ಒಳಗಿನಿಂದ ಶಾಯ್ಲೋಬೆಕ್ ಕೋಟು ತೊಟ್ಟು, ಮುಖದ ತುಂಬ ನಗು ಹೊತ್ತು ಬಂದ. "ಸ್ವಾಗತ, ಸ್ವಾಗತ ಸಾಹೇಬ್ರೇ! ಈಗ ತೆಗೀತೀನಿ!"

"ಬಾಯ್ಕೆ, ಮುಟ್ಟಬೇಡಿ! ಟಗರು ಸತ್ತುಬಿದ್ದಿದೆ, ನೋಡಿ!"

ಅವನು ಟಗರನ್ನು ನೋಡಿದ. ಸಾಹೇಬನನ್ನು ನೋಡಿದ. "ಮಲಗಿದೆ," ಅಂದ. "ದೂರದಿಂದ ನಡೆದು ಬಂದದ್ದು, ದಣಿದಿದೆ."

ಹಾಗೆ ಹೇಳಿ ಕೈ ಚಾಚಿದ. ಪ್ರಾಣಕ್ಕಿಂತ ಆ ಸುಳ್ಳೇ ದೊಡ್ಡದಾಯಿತು ಅವನಿಗೆ! ಬೆರಳು ಚಿಲಕಕ್ಕೆ ಇನ್ನೊಂದು ಗೇಣಿತ್ತೋ ಇಲ್ಲವೋ, ಹಿಂದಿನಿಂದ ಕಾಲಿಚಾ ಬಂದು ಕೋಟಿನ ಕಾಲರಿಗೆ ಕೈ ಹಾಕಿ ಎಳೆದಳು. ಮಗ್ಗುಲು ಹೊಲಿಗೆ ಬಿಚ್ಚಿದ ಸದ್ದು ನನಗೆ ಬೀದಿಯ ಈಚೆಗೆ ಕೇಳಿಸಿತು. ಅವನು ಅಂಗಳದ ಧೂಳಿನಲ್ಲಿ ಕುಕ್ಕರಿಸಿದ. ಕಾಲಿಚಾ ಅವನ ಮುಂದೆ ನಿಂತಳು. ಅವಳ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಕೂತ್ಕೊಳ್ಳಿ," ಅಂದಳು. "ಎದ್ರೆ ನಾನೇ ಹೊಡೀತೀನಿ."

ಕೂತುಕೊಂಡ. ಅವನು ಇನ್ನೊಬ್ಬರ ಮಾತು ಕೇಳಿದ್ದು ನಾನು ನೋಡಿದ್ದು ಅದೇ ಮೊದಲು. ಕೂತಲ್ಲಿಂದಲೇ ಫೋನು ತೆಗೆದು ಆಫೀಸಿಗೆ ಹಚ್ಚಿದ. "ನಾನು ಬೀದಿಯ ಹಿರಿಯ ಶಾಯ್ಲೋಬೆಕ್..." ಅಂದದ್ದಷ್ಟೇ, ಆಚೆ ರಿಸೀವರ್ ಮೇಜಿನ ಮೇಲೆ ಮಲಗಿತೆಂದು ಕಾಣುತ್ತದೆ. ಅವನು ಇಡೀ ಕಥೆ ಹೇಳಿದ, ಆಫೀಸಿನವರ ವಂಶವನ್ನೂ ಜಾಲಾಡಿದ. ಯಾರೂ ಬರಲಿಲ್ಲ. ಕೊನೆಗೆ ಕಾಲಿಚಾ ತನ್ನ ಫೋನಿನಿಂದ ಮಾಡಿದಳು.

"ನಾನು ಅವರ ಹೆಂಡ್ತಿ. ತಂತಿ ಬಿದ್ದು ಗೇಟಿಗೆ ಕರೆಂಟು ಬಂದಿದೆ. ಟಗರು ಸತ್ತಿದೆ. ಅವರಿನ್ನೂ ಸತ್ತಿಲ್ಲ."

ಆಫೀಸಿನವರು ಹೊರಟರು.

ಅವರು ಬರುವ ತನಕ ಅತಿಥಿಗಳನ್ನು ಗಾಳಿಯಲ್ಲಿ ನಿಲ್ಲಿಸುವುದು ಹೇಗೆ? ನಮ್ಮ ಮನೆಗೆ ಕರೆದೆ. ಹೊಗೆ ಹಾಕಿದ ಚೆಬಾಕ್ ಮೀನು, ರೊಟ್ಟಿ, ಹಾಲು ಹಾಕಿದ ಚಹಾ, ಇದ್ದದ್ದು ಅಷ್ಟೇ. ಸಾಹೇಬ ಮೀನನ್ನು ಮುಳ್ಳಿನವರೆಗೂ ಚೀಪಿದ. ಎದುರಿನ ಬೇಲಿಯ ಸಂದಿಯಲ್ಲಿ ಶಾಯ್ಲೋಬೆಕ್ ಕಾಣುತ್ತಿದ್ದ, ಹರಿದ ಕೋಟಿನಲ್ಲಿ, ಸತ್ತ ಟಗರಿನ ಪಕ್ಕ.

"ಈತ ಬಂದರಲ್ಲಿ ಏನಾಗಿದ್ದ, ನಿಮಗೆ ನೆನಪಿದೆಯಾ?" ಅಂತ ಕೇಳದೆ ಇರಲು ನನ್ನಿಂದ ಆಗಲಿಲ್ಲ.

ಮುದುಕ ಕಣ್ಣು ಕಿರಿದು ಮಾಡಿ ಬೇಲಿಯ ಕಡೆ ನೋಡಿದ. "ಇಲ್ಲಮ್ಮ. ಫೋನಲ್ಲಿ ಬಹಳ ಬಲವಂತ ಮಾಡ್ದ, ಯಾರೋ ಗೊತ್ತಿರೋನೇ ಇರ್ಬೇಕು ಅಂದ್ಕೊಂಡೆ."

ಮಿರ್ಜಾಕಾನ್ ಬಂದು ಟ್ರಾನ್ಸ್‌ಫಾರ್ಮರಿನಲ್ಲಿ ಲೈನು ಕಡಿದ. ನನ್ನ ಮಂಕು ದೀಪವೂ ಆರಿತು. ಗೇಟಿನಿಂದ ತಂತಿ ತೆಗೆದ ಮೇಲೆ ಅವನ ಕೈಯಲ್ಲಿ ಗರಗಸ ಸದ್ದು ಮಾಡತೊಡಗಿತು. ಬಿದ್ದ ಮರ ಕತ್ತರಿಸಿ, ನಿಂತ ಮರಗಳ ಕಡೆ ನೋಡಿದ. ಅಭ್ಯಾಸಬಲದಿಂದ ಶಾಯ್ಲೋಬೆಕ್‌ನ ಕೈಗಳು ಅಗಲವಾದವು.

"ಎಲ್ಲಾ ಕಡೀರಿ," ಅಂದಳು ಕಾಲಿಚಾ.

"ಲೇ, ನನ್ನ ಮರಗಳು ಕಣೇ ಅವು!"

"ನೀರು ಹಾಕಿದ್ದು ನಾನು. ಇಷ್ಟು ವರ್ಷ ಬಕೆಟ್ ಹೊತ್ತಿದ್ದು ನಾನು. ಕಡೀರಿ ಮಿರ್ಜಾಕಾನ್, ಇವತ್ತು ಚಹಾ ಇಲ್ಲ."

ಕಡಿದರು. ಹಲಾಲ್ ಮಾಡದೆ ಸತ್ತ ಟಗರನ್ನು ಯಾರು ತಿನ್ನುತ್ತಾರೆ? ಊರಾಚೆ ಹೂಳಲು ಶಾಯ್ಲೋಬೆಕ್ ತಾನೇ ಕೈಗಾಡಿಯಲ್ಲಿ ತಳ್ಳಿಕೊಂಡು ಹೋದ. ಗಾಳಿ ಎದುರಿಗಿತ್ತು. ಬೀದಿಯೆಲ್ಲ ಕಿಟಕಿಗೆ ಬಂದು ನಿಂತಿತ್ತು. ನಕ್ಕೆವೇ? ನಕ್ಕೆವು. ಹೊಟ್ಟೆ ನೋಯುವಷ್ಟು ನಕ್ಕೆವು.

ಒಂದು ವಾರ ಅವನು ಹೊರಗೆ ಬರಲಿಲ್ಲ. ಎರಡನೇ ವಾರ ಬಂದ, ಬಂದವನೇ ಬೀದಿಯಲ್ಲಿ ಸಾರತೊಡಗಿದ: ಮರ ಕಡಿಸಿದ್ದು ತಾನೇ ಅಂತೆ! ಬೀದಿಯ ಹಿತಕ್ಕಾಗಿ ತನ್ನ ಮರಗಳನ್ನು ತ್ಯಾಗ ಮಾಡಿದನಂತೆ! ಮೂರನೇ ಸಲ ಹೇಳುವಷ್ಟರಲ್ಲಿ ಅವನೇ ಅದನ್ನು ನಂಬಿದ್ದ. ಕಾಲಿಚಾ ಕೇಳಿಸಿಕೊಂಡು ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಆದರೆ ಬೀದಿಯ ಹಿರಿಯನನ್ನು ಮತ್ತೆ ಆರಿಸುವ ಸಭೆಯಲ್ಲಿ, ಶಾಲೆಯ ಹಳೇ ಮೇಷ್ಟ್ರ ಹೆಸರು ಬಂದಾಗ ಮೊದಲು ಎದ್ದ ಕೈ ಅವಳದ್ದು. ಶಾಯ್ಲೋಬೆಕ್ ಆ ಕೈಯನ್ನೇ ನೋಡುತ್ತ ಕೂತಿದ್ದ. ಮದುವೆಯಾದ ಮೇಲೆ ಅದನ್ನು ನೋಡಿದ್ದೇ ಅಂದು ಅನ್ನುವ ಹಾಗೆ. ಆಗ ಮಾತ್ರ ನನಗೆ ನಗು ಬರಲಿಲ್ಲ.

ಮರ ಹೋಯಿತು, ಇನ್ನು ಕತ್ತಲೆಯಿಲ್ಲ ಅಂತ ನಾವೂ ಬೀಗಿದೆವು. ಬೇಸಿಗೆಯ ಗಾಳಿಗಳು ಬಂದುಹೋದವು, ದೀಪ ಅಲುಗಲಿಲ್ಲ. ಶರತ್ಕಾಲದಲ್ಲಿ ಒಂದು ಮಧ್ಯಾಹ್ನ ಉಲಾನ್ ಕಣಿವೆಯಲ್ಲೇ ಮುಖ್ಯ ಲೈನಿನ ಕಂಬಗಳನ್ನು ಸಾಲಾಗಿ ಮಲಗಿಸಿತು. ನಮ್ಮ ಬೀದಿಯಷ್ಟೇ ಅಲ್ಲ, ಊರಿಗೆ ಊರೇ ಸ್ತಬ್ಧ. ನನ್ನ ಸೂಜಿ ಟೋಪಿಯ ನೆತ್ತಿಯಲ್ಲೇ ನಿಂತಿತು.

ಶಾಯ್ಲೋಬೆಕ್ ಬೀದಿ ನಡುವೆ ಬಂದು ಎದೆ ಸೆಟೆಸಿ ನಿಂತ. "ಈಗ ಹೇಳಿ, ಯಾರ ಮರ? ಈಗ ಯಾರ ಮರ ಕಡೀತೀರಿ?"

ಕುರುಡ ಎಸೆದ ಕಲ್ಲೂ ಒಂದು ದಿನ ಗುರಿಗೆ ತಾಗುತ್ತದೆ, ಆ ದಿನ ಅವನದ್ದಾಗಿತ್ತು. ಬಾಗಿಲು ಹಾಕಿಕೊಂಡು ಕೈಹೊಲಿಗೆಗೆ ಕೂತೆ. ಹೊರಗೆ ಕರಾಕೋಲ್ ಊರಿನ ದಾರಿ ಕೇಳಲು ಲಾರಿಯವನೊಬ್ಬ ನಿಲ್ಲಿಸಿದ್ದ. ಗಾಳಿಗೆ ಮರವೇ ಮದ್ದು ಅಂತ ತಾನು ಮೊದಲೇ ಎಚ್ಚರಿಸಿದ್ದೆ, ಈ ಜನ ಕೇಳಲಿಲ್ಲ ಅಂತ ಶಾಯ್ಲೋಬೆಕ್ ಅವನಿಗೆ ವಿವರಿಸುತ್ತಿದ್ದ. ಲಾರಿಯವನು ಇಂಜಿನ್ ಆರಿಸದೆ, ತಲೆಯಾಡಿಸುತ್ತ, ಮತ್ತೆ ಮತ್ತೆ ದಾರಿ ಯಾವ ಕಡೆ ಅಂತ ಕೇಳುತ್ತಲೇ ಇದ್ದ.