ಸ್ಪೆಷಲ್ ನೀರು

ಠಾಣೆ ಶಹರದಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದರಲ್ಲಿ ಆಗ ನನ್ನನ್ನು ಮೀರಿಸುವವರಿರಲಿಲ್ಲ. ಬೇಕಿದ್ದರೆ ನನ್ನನ್ನೇ ಕೇಳಿ.

ವರ್ತಕ ನಗರದ ಹೋಟೆಲಿನ ಶೆಟ್ರು, "ಮಾರಾಯ್ರೆ, ಎದುರಿಗೆ ಹೊಸ ಹೋಟೆಲು ಬಂತು, ಗಿರಾಕಿಯೆಲ್ಲ ಅಲ್ಲಿಗೇ. ನಮ್ಮ ಮೆನುವಿನ ‘ಸಾದಾ’ವನ್ನೆಲ್ಲ ‘ಸ್ಪೆಷಲ್’ ಮಾಡಿ," ಎಂದರು.

ಒಂದು ಪದವನ್ನು ಇದ್ದಲ್ಲೆಲ್ಲ ಹುಡುಕಿ ಬದಲಿಸುವ ‘ರಿಪ್ಲೇಸ್’ ಒಂದೇ ಸಾಲು ಬರೆದೆ. ಸಾದಾ ದೋಸೆ ಸ್ಪೆಷಲ್ ಆಯಿತು. ಕೊನೆಯಲ್ಲಿದ್ದ ‘ಸಾದಾ ನೀರು, ಉಚಿತ’ವೂ ಸ್ಪೆಷಲ್ ಆಯಿತು.

ಮಧ್ಯಾಹ್ನ ಬಂದ ಮರಾಠಿ ಕಾಕಾ ಒಬ್ಬರು, "ದೋಸಾ ರೆಹನೇ ದೋ, ವೋ ಸ್ಪೆಷಲ್ ಪಾನಿ ಲಾವ್," ಎಂದರು. ದೋಸೆ ಬೇಡವಂತೆ, ಆ ಸ್ಪೆಷಲ್ ನೀರೇ ಬೇಕಂತೆ.

"ಎಂತ ಕೊಡುವುದು ಈಗ?" ಶೆಟ್ರು ನನ್ನನ್ನು ನುಂಗುವಂತೆ ನೋಡಿದರು.

"ನಳ್ಳಿ ನೀರನ್ನೇ ಹಿತ್ತಾಳೆ ಲೋಟದಲ್ಲಿ ಕೊಡಿ."

ಕಾಕಾ ಕುಡಿದು ಕಣ್ಣು ಮುಚ್ಚಿದರು. "ವೇಗಳೀಚ್ ಚವ! ಇಂಥ ರುಚಿ ಎಲ್ಲೂ ಇಲ್ಲ."

ಸಂಜೆಗೆ ಆ ಉಚಿತ ನೀರಿಗೆ ಘೋಡಬಂದರ್ ರಸ್ತೆಯವರೆಗೂ ಸರತಿ. ದೋಸೆ ಮಾತ್ರ ಯಾರೂ ಕೇಳಲಿಲ್ಲ.

ಈಗಲೂ ನಾನು ಹೋದರೆ ಶೆಟ್ರು ನೀರು ಮಾತ್ರ ಕೊಡುತ್ತಾರೆ. ಸಾದಾ.