ಎಡಗಾಲಿನ ಅಲಗು

ಓರೆಸ್ಟ್ ಕೊವಾಲನ ಕಣ್ಣಿಗೆ ಬಟ್ಟೆ ಕಟ್ಟಿ ಕೈಗೆ ಒಂದು ಜೊತೆ ಸ್ಕೇಟ್ ಬೂಟು ಕೊಟ್ಟರೂ ಸಾಕಿತ್ತು. ಅದು ಯಾರ ಮನೆಯ ಹುಡುಗನದು, ಅವನು ಯಾವ ಕಡೆಗೆ ತಿರುಗಲು ಅಂಜುತ್ತಾನೆ, ಕಳೆದ ವಾರ ಅಭ್ಯಾಸಕ್ಕೆ ಚಕ್ಕರ್ ಹೊಡೆದಿದ್ದನೋ ಇಲ್ಲವೋ ಎಲ್ಲವನ್ನೂ ಹೇಳಿಬಿಡುತ್ತಿದ್ದ. ಬೂಟಿನಡಿಯ ಅಲಗಿನ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆದರೆ ಅವನಿಗೆ ಹುಡುಗನ ಜಾತಕವೇ ಸಿಕ್ಕಂತೆ.

ಸ್ಟೋನಿ ಕ್ರಾಸಿಂಗ್ ಊರಿನ ರಿಂಕಿನಲ್ಲಿ, ಜನ ಕೂರುವ ಮೆಟ್ಟಿಲುಗಳ ಕೆಳಗೆ, ಅರ್ಧಬಾಗಿಲಿನ ಒಂದು ಗೂಡು ಅವನದು. ನಲವತ್ತೊಂದು ವರ್ಷ ಅಲ್ಲಿ ನಿಂತು ಐಸ್ ಹಾಕಿ ಆಡುವ ಹುಡುಗರ ಅಲಗುಗಳಿಗೆ ಸಾಣೆ ಹಿಡಿದ. ಅಪ್ಪ ಕಮ್ಮಾರ, ಕುದುರೆ ಲಾಳ ಕಟ್ಟುತ್ತಿದ್ದವನು. ಮಗನಿಗೆ ಸ್ಕೇಟಿನ ಸಾಣೆ ಯಾರೂ ಹೇಳಿಕೊಡಲಿಲ್ಲ. ಬಟ್ಟೆ ಒಗೆಯುವ ಹಳೇ ಯಂತ್ರದ ಮೋಟಾರಿಗೆ ಚಕ್ರ ಕಟ್ಟಿ, ನೆರೆಹೊರೆಯವರ ಹತ್ತಿಪ್ಪತ್ತು ಜೊತೆ ಕೆಡಿಸಿ, ಬೈಸಿಕೊಂಡು, ತಾನೇ ಕಲಿತ. ಹಾಗೆ ಕಲಿತವನಿಗೆ ತನ್ನ ಕೈಯ ಮೇಲೆ ಎಷ್ಟು ಹೆಮ್ಮೆ ಇರಬಹುದೋ ಅಷ್ಟೂ ಇತ್ತು. ಅದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು ಅನ್ನಿ.

ಒಬ್ಬೊಬ್ಬ ಹುಡುಗನಿಗೂ ಒಂದು ರಟ್ಟಿನ ಕಾರ್ಡು. ಯಾವ ದಿನ ಬಂದ, ಅಲಗು ಎಲ್ಲಿ ಸವೆದಿತ್ತು, ತಾನು ಏನು ಮಾಡಿದೆ, ಎಲ್ಲ ಅದರ ಮೇಲೆ. ಹೆಂಡತಿ ಓಲ್ಗಾ ಇರುವ ತನಕ ಮುತ್ತಿನಂತಹ ಅಕ್ಷರದಲ್ಲಿ ಅವಳೇ ಬರೆಯುತ್ತಿದ್ದಳು. ಅವಳು ಹೋದ ಮೇಲೆ ಕಾಗೆಕಾಲಿನಂತಹ ತನ್ನದೇ ಅಕ್ಷರ. ಹುಡುಗರೆಲ್ಲ ಅವನನ್ನು ಗೀಡೋ ಅಂತ ಕರೆಯುತ್ತಿದ್ದರು. ಯುಕ್ರೇನಿನ ಮನೆಗಳಲ್ಲಿ ತಾತನನ್ನು ಕರೆಯುವುದು ಹಾಗೆ.

ಆ ವರ್ಷ ಊರಿನ ತಂಡ ಬ್ಯಾಜರ್ಸ್ ಕಟ್ಟಕಡೆಯ ಜಾಗದಲ್ಲಿ ಬಿದ್ದುಕೊಂಡಿತ್ತು. ಮೇ ತಿಂಗಳಲ್ಲಿ ಡ್ರಾಫ್ಟ್. ಲೀಗಿನ ತಂಡಗಳು ಸರದಿಯ ಮೇಲೆ ಹದಿನಾಲ್ಕು ಹದಿನೈದರ ಹುಡುಗರ ಹೆಸರು ಕೂಗಿ ತಮ್ಮವರನ್ನಾಗಿ ಮಾಡಿಕೊಳ್ಳುತ್ತವೆ. ಕಡೆಯಲ್ಲಿ ನಿಂತ ತಂಡಕ್ಕೆ ಮೊದಲ ಕೂಗು. ಸೋತು ಸುಣ್ಣವಾದ ಊರಿಗೆ ಅದೊಂದೇ ಹಬ್ಬ. ಫೆಬ್ರವರಿಯಿಂದಲೇ ರಿಂಕಿನ ಕ್ಯಾಂಟೀನಿನ ದುಂಡು ಮೇಜಿನ ಸುತ್ತ ವಾದ ಹತ್ತಿಕೊಳ್ಳುತ್ತಿತ್ತು. ಗಾಜಿನ ಆಚೆ ಹುಡುಗರ ಅಭ್ಯಾಸ, ಈಚೆ ಮುದುಕರ ಪಂಚಾಯಿತಿ. ಹೊರಗೆ ಮೈನಸ್ ಮೂವತ್ತೈದರ ಚಳಿಯಲ್ಲಿ ಕಾರುಗಳೆಲ್ಲ ಎಂಜಿನ್ ಹೆಪ್ಪುಗಟ್ಟದಿರಲೆಂದು ಕರೆಂಟಿನ ವಯರು ಕಚ್ಚಿಕೊಂಡು ನಿಂತಿರುತ್ತಿದ್ದವು.

"ರೆಜೈನಾದ ಆ ದೊಡ್ಡ ಹುಡುಗನ್ನೇ ತಗೋಬೇಕು," ಅಂದ ಲಾಯ್ಡ್ ಮ್ಯಾಕ್‌ಬ್ರೈಡ್, ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗಿಯುತ್ತ. ಗೋಧಿ ಗೋದಾಮಿನಲ್ಲಿ ಮೂವತ್ತು ವರ್ಷ ತೂಕ ಹಾಕಿದವನು. ಹುಡುಗರನ್ನೂ ತೂಕದಲ್ಲೇ ನೋಡುವ ಚಾಳಿ. "ಆರಡಿ ಎರಡಂಗುಲ. ಇನ್ನೂ ಗಡ್ಡ ಬಂದಿಲ್ಲ. ಇನ್ನೆರಡು ವರ್ಷ ಬಿಟ್ಟು ನೋಡು, ಬಾಗಿಲು ಹಿಡಿಸಲ್ಲ ಅವನು."

"ಬಟ್ಟೆ ಇಡೋ ಬೀರು ತಗೊಂಡು ಬರೋಕೆ ಹೊರಟಿದ್ದೀಯೇನಯ್ಯ?" ಓರೆಸ್ಟ್ ಅಂದ. "ತಿರುಗೋಕೆ ಅವನಿಗೆ ಅರ್ಧ ಹೊಲ ಬೇಕು. ನಮ್ಮೂರಲ್ಲೇ ಡೇನ್ ಪ್ರೊಕೊಪ್ ಇದ್ದಾನೆ. ಅವನ ಹಾಗೆ ಹಿಮದ ಮೇಲೆ ಜಾರೋನು ಈ ಸೀಮೇಲೇ ಇಲ್ಲ."

"ನಿನ್ನ ಗಿರಾಕಿ ಅಂತ ಹೇಳ್ತಿದ್ದೀಯ."

"ನನ್ನ ಗಿರಾಕಿ ಆಗಿರೋದ್ರಿಂದಲೇ ಗೊತ್ತು."

ಬ್ಯಾಜರ್ಸ್ ತಂಡದ ಮ್ಯಾನೇಜರ್ ರಸ್ ಟಿಬೋ ಪಕ್ಕದಲ್ಲೇ ಕಾಫಿ ಹೀರುತ್ತಿದ್ದ. ಹೆಸರು ಕೂಗುವವನು ಅವನೇ. ಕಿವಿ ಇತ್ತ, ಕಣ್ಣು ಅತ್ತ. ಮುದುಕರ ಮಾತಿಗೆ ಬೆಲೆ ಕೊಡುವವನ ಹಾಗೆ ಕಾಣದಿದ್ದರೂ ಓರೆಸ್ಟನ ಮಾತನ್ನು ಅವನು ಗಂಟು ಕಟ್ಟಿಕೊಳ್ಳುತ್ತಾನೆಂದು ಎಲ್ಲರಿಗೂ ಗೊತ್ತಿತ್ತು.

ಅಷ್ಟರಲ್ಲಿ ಡೋರೀನ್ ಫ್ರೀಸನ್ ಬಾಯಿ ತೆರೆದಳು. ಬಾಗಿಲಲ್ಲಿ ನಿಂತು ಟಿಕೆಟು ಹರಿಯುವ ಹೆಂಗಸು. ಮಾತು ಕಡಿಮೆ.

"ಆ ಹುಡುಗನ ಎಡಗಾಲು ಹಿಂದೆ ಬರ್ತಿದೆ."

"ಏನು ಹಾಗಂದ್ರೆ?" ರಸ್ ಲೋಟ ಕೆಳಗಿಟ್ಟ.

"ಗೊತ್ತಿಲ್ಲಪ್ಪ. ಬಲಗಾಲು ಬಂದ ಮೇಲೆ ಎಡಗಾಲು ನೆನಪು ಮಾಡಿಕೊಂಡು ಬಂದ ಹಾಗೆ ಬರ್ತದೆ. ಹೋದ ವರ್ಷ ಹೀಗಿರಲಿಲ್ಲ."

ಲಾಯ್ಡನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಕೇಳಿದೆಯಾ ಓರೆಸ್ಟ್? ಟಿಕೆಟ್ ಹರಿಯೋಳಿಗೆ ಕಂಡಿದ್ದು ನಿನಗೆ ಕಾಣಲಿಲ್ಲ. ಸಾಣೆ ಚಕ್ರದ ಧೂಳು ಕಣ್ಣಿಗೆ ಹೊಕ್ಕಿರಬೇಕು."

ಎಲ್ಲರೂ ನಕ್ಕರು. ಓರೆಸ್ಟನ ಕಿವಿ ಕೆಂಪಗಾಯಿತು. ಅವನಿಗೆ ಕಂಡಿರಲಿಲ್ಲವೆಂದಲ್ಲ, ನವೆಂಬರಿನಲ್ಲೇ ಕಂಡಿತ್ತು. ಡೇನ್‌ನ ಎಡ ಅಲಗಿನ ಮೂತಿ, ಹೊರಗಿನ ಅಂಚು, ಇಲಿ ಕಡಿದಂತೆ ಸವೆದಿತ್ತು. ಹೆಜ್ಜೆ ಎತ್ತುವಾಗ ತುದಿ ಹಿಮಕ್ಕೆ ಕಚ್ಚಿಕೊಳ್ಳುತ್ತಿದೆ. ಬೂಟು ಬಿಗಿಯಾಗಿರಬೇಕು, ಇಲ್ಲ ಅಲಗು ಕೂರಿಸಿದವನು ಓರೆ ಕೂರಿಸಿರಬೇಕು ಅಂದುಕೊಂಡ. ಮೂತಿಯನ್ನು ಒಂದಿಷ್ಟು ಉರುಟು ಮಾಡಿ, ಮೇಲಕ್ಕೆ ಬಾಗಿಸಿ ಕೊಟ್ಟ. ಜನವರಿಯಲ್ಲಿ ಮತ್ತೆ ಬಂತು, ಮತ್ತೆ ಉರುಟು ಮಾಡಿದ. ಆ ಕೆಲಸ ಯಾರ ಕಣ್ಣಿಗೂ ಬೀಳದ ಹಾಗೆ ಮಾಡಿದ್ದೇನೆ ಅಂತ ಒಳಗೊಳಗೇ ಬೀಗಿದ್ದ. ಈಗ ಈ ಹೆಂಗಸು ಹತ್ತು ಜನರ ಎದುರಿಗೆ ತನ್ನ ಕೆಲಸದ ಹೊಲಿಗೆ ಬಿಚ್ಚಿಟ್ಟಂತಾಯಿತು.

"ಶನಿವಾರ ಪಂದ್ಯ ಇದೆಯಲ್ಲ," ಅಂದ. "ಅವತ್ತು ಬಂದು ನೋಡು. ಎಡಗಾಲು ಹಿಂದೆ ಬಂದ್ರೆ ನನ್ನ ಚಕ್ರ ತೆಗೆದು ಹಳ್ಳಕ್ಕೆ ಎಸೀತೀನಿ."

ಶುಕ್ರವಾರ ಡೇನ್ ಬೂಟು ತಂದ. ತೆಳ್ಳನೆಯ ಹುಡುಗ, ಮಾತಿಗೆ ಮುಂಚೆ ನಗು. ಅರ್ಧಬಾಗಿಲಿನ ಮೇಲೆ ಮೊಣಕೈ ಊರಿ ನಿಂತ.

ಅಂದು ಓರೆಸ್ಟ್ ತನ್ನ ವಿದ್ಯೆಯನ್ನೆಲ್ಲ ಸುರಿದ. ಎಡ ಅಲಗನ್ನು ಬೂಟಿನಿಂದ ಕಳಚಿ ಹಿಮ್ಮಡಿಯ ಹತ್ತಿರ ಕೂದಲೆಳೆಯಷ್ಟು ತಗಡು ಕೊಟ್ಟು ಎತ್ತರಿಸಿದ. ಮೂತಿಯನ್ನು ದೋಣಿಯ ಮೂಗಿನಂತೆ ಎತ್ತಿದ. ಒಳ ಅಂಚನ್ನು ಚೂಪು ಮಾಡಿ ಹೊರ ಅಂಚನ್ನು ಸಾಧು ಮಾಡಿದ. ಆ ಕಾಲು ಎಷ್ಟೇ ತಡವಾಗಿ ಬರಲಿ, ಅಲಗೇ ಅದನ್ನು ಎಳೆದುಕೊಂಡು ಹೋಗಬೇಕು, ಹಾಗೆ.

"ಗೀಡೋ," ಅಂದ ಹುಡುಗ, ಸುಮ್ಮನೆ ಮಾತಿಗೆ ಮಾತು ಅನ್ನುವಂತೆ. "ಮನೇಲಿ ಎಡಗಾಲಿನ ಚಪ್ಪಲಿಯೂ ಜಾರಿ ಹೋಗ್ತದೆ. ನಡೀತಾ ನಡೀತಾ ಹಿಂದೆಲ್ಲೋ ಉಳಿದುಬಿಟ್ಟಿರ್ತದೆ. ನನಗೆ ಗೊತ್ತೇ ಆಗಲ್ಲ."

ಓರೆಸ್ಟ್ ಅಲಗಿನಿಂದ ಕಣ್ಣೆತ್ತಲಿಲ್ಲ. "ಚಪ್ಪಲಿ ನಾನು ಮಾಡಿದ್ದಲ್ಲವಲ್ಲ ಮರಿ. ನಾನು ಮಾಡಿದ್ದು ಜಾರಿ ಹೋದ್ರೆ ಬಂದು ಹೇಳು."

ಹುಡುಗ ನಕ್ಕ. ಓರೆಸ್ಟನೂ ನಕ್ಕ.

ಶನಿವಾರ ಡೇನ್ ಮೂರು ಗೋಲು ಹೊಡೆದ. ಮೂರನೆಯದು ಎಡಗಾಲ ಮೇಲೆ ಪೂರ್ತಿ ಭಾರ ಹಾಕಿ, ಇಬ್ಬರನ್ನು ಸುತ್ತಿ ಬಂದು ಹೊಡೆದದ್ದು. ಲಾಯ್ಡನ ಬಾಯಲ್ಲಿದ್ದ ಬೀಜ ಬಾಯಲ್ಲೇ ಉಳಿಯಿತು. ರಸ್ ಟಿಬೋ ಎದ್ದು ಹೋಗುವಾಗ ಓರೆಸ್ಟನ ಭುಜ ತಟ್ಟಿ ಹೋದ. ಮೇಜಿನ ವಾದ ಅಲ್ಲಿಗೆ ಮುಗಿಯಿತು.

ಮರುವಾರ ಡೋರೀನ್ ಗಸಗಸೆ ತುಂಬಿದ ರೊಟ್ಟಿಸುರುಳಿ ಮಾಡಿಕೊಂಡು ಬಂದಳು. "ನಾನು ತಪ್ಪು ಹೇಳಿದೆ ಕಣಯ್ಯ. ನನ್ನ ಕಣ್ಣಿಗೇ ವಯಸ್ಸಾಯ್ತು." ಓರೆಸ್ಟ್ ದೊಡ್ಡ ಮನಸ್ಸು ಮಾಡಿದವನಂತೆ ಎರಡು ತುಂಡು ತಿಂದ.

ಮೇ ತಿಂಗಳಲ್ಲಿ ಮೊದಲ ಕೂಗಿಗೇ ಡೇನ್ ಪ್ರೊಕೊಪ್ ಹೆಸರು ಬಂತು. ಪೆಟ್ರೋಲ್ ಬಂಕಿನ ಹಲಗೆಯ ಮೇಲೆ ಅವನ ಹೆಸರು ಬರೆದರು. ಅವನ ತಾಯಿ ಕಾರ್ಲಾ ಶಾಲೆಯ ಬಸ್ಸು ಓಡಿಸುವವಳು. ಆ ವಾರವೆಲ್ಲ ಮಕ್ಕಳು ಬಸ್ಸು ಹತ್ತುವಾಗ ಚಪ್ಪಾಳೆ ತಟ್ಟುತ್ತಿದ್ದರಂತೆ.

ಆಗಸ್ಟಿನಲ್ಲಿ ಬ್ಯಾಜರ್ಸ್ ಶಿಬಿರ. ತಂಡದವರು ಹೊಸಬರಿಗೆಲ್ಲ ಹೊಸ ಬೂಟು ಕೊಟ್ಟರು, ಕಾರ್ಖಾನೆಯಿಂದ ಬಂದ ಅಲಗು, ಎರಡೂ ಕಾಲಿಗೆ ಒಂದೇ ಅಚ್ಚು. ಓರೆಸ್ಟ್ ಗಾಜಿನ ಪಕ್ಕ ನಿಂತಿದ್ದ. ಡೇನ್ ಹಿಮದ ಮೇಲೆ ಇಳಿದು ನಾಲ್ಕು ಹೆಜ್ಜೆ ಹಾಕಿದ. ಐದನೆಯದಕ್ಕೆ ಎಡ ಅಲಗಿನ ಮೂತಿ ಕಚ್ಚಿ ಮುಖವಡಿಯಾಗಿ ಬಿದ್ದ. ಎದ್ದ, ಮತ್ತೆ ಬಿದ್ದ. ಹುಡುಗರು ನಕ್ಕರು. ಮೂರನೆಯ ಸಲ ಬಿದ್ದವನು ಏಳಲು ಹೋಗಿ, ಏಳಲಾಗದೆ, ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ಬೇರೆ ಯಾರದೋ ಕಾಲು ಎಂಬಂತೆ ನೋಡುತ್ತ ಕೂತ.

ಅಲಗಿನ ಸವೆತ, ಚಪ್ಪಲಿ, ಡೋರೀನಳ ಮಾತು, ಎಲ್ಲ ಓರೆಸ್ಟನ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು.

ಸಸ್ಕಟೂನಿನ ಆಸ್ಪತ್ರೆಯಲ್ಲಿ ಬೆನ್ನುಹುರಿಯೊಳಗೆ ಗಂಟು ಇದೆ ಅಂದರು. ನಿಧಾನವಾಗಿ ಬೆಳೆದದ್ದು. ಕೊಯ್ದು ತೆಗೆದರು, ಆದರೆ ಅದು ಹಿಸುಕಿಟ್ಟಿದ್ದ ನರ ಮತ್ತೆ ಏಳಲಿಲ್ಲ. ಎಡಗಾಲಿನ ಸ್ವಾಧೀನ ಹೋಯಿತು. ಬಲಗಾಲಿನಲ್ಲೂ ಶಕ್ತಿ ಉಳಿಯಲಿಲ್ಲ. ಯಾವಾಗ ಶುರುವಾಯಿತು ಅಂತ ವೈದ್ಯರು ಕೇಳಿದಾಗ ಕಾರ್ಲಾ, ಬೇಸಿಗೆಯಲ್ಲಿ, ಅಂದಳಂತೆ. ಹಾಸಿಗೆಯ ಮೇಲಿದ್ದ ಡೇನ್, "ಗೀಡೋನ ಕೇಳಮ್ಮ. ಅವರು ಎಲ್ಲಾನೂ ಬರೆದಿಡ್ತಾರೆ," ಅಂದನಂತೆ. ಸುದ್ದಿ ದುಂಡು ಮೇಜಿಗೆ ಬಂತು. ಕಾರ್ಡು ಕೇಳಲು ಕಾರ್ಲಾ ಬರುವವಳಿದ್ದಾಳೆ.

"ಸುಟ್ಟು ಹಾಕು ಆ ಕಾರ್ಡನ್ನ," ಅಂದ ಲಾಯ್ಡ್, ದನಿ ತಗ್ಗಿಸಿ. "ಹುಡುಗನ ಕಾಲು ಅದರಿಂದ ಬರುತ್ತೇನು? ನಲವತ್ತು ವರ್ಷದ ಹೆಸರು ನಿನ್ನದು. ಸಿಗಲಿಲ್ಲ ಅಂದುಬಿಡು, ಯಾರು ಕೇಳ್ತಾರೆ?"

ಓರೆಸ್ಟ್ ಡೋರೀನಳ ಕಡೆ ನೋಡಿದ. ಅವಳು ಕಾಫಿಯನ್ನು ಚಮಚದಲ್ಲಿ ಕಲಕುತ್ತಲೇ ಇದ್ದಳು.

"ನಾನು ತಪ್ಪು ಹೇಳಿದೆ ಅಂತ ನಿನ್ನ ಹತ್ರ ಒಪ್ಪಿಕೊಂಡೆ," ಅಂದಳು ಕೊನೆಗೆ. "ರೊಟ್ಟಿ ಬೇರೆ ಮಾಡಿ ತಂದೆ." ಅಷ್ಟೇ ಹೇಳಿ ಕೋಟು ಹಾಕಿಕೊಂಡು ಹೋದಳು. ಆ ಮೇಜಿಗೆ ಅವಳು ಮತ್ತೆ ಬರಲಿಲ್ಲ.

ಓರೆಸ್ಟ್ ಗೂಡಿಗೆ ಹೋಗಿ ಕಾರ್ಡು ತೆಗೆದ. ಒಂದು ಬೆಂಕಿಕಡ್ಡಿಯ ಕೆಲಸ. ಪೆಟ್ಟಿಗೆಯ ಮುಂಭಾಗದಲ್ಲಿ ಓಲ್ಗಾಳ ಅಕ್ಷರದ ಹಳೇ ಕಾರ್ಡುಗಳಿದ್ದವು. ಅವುಗಳ ಮುಂದೆ ಇದನ್ನು ಹಿಡಿದು ಬಹಳ ಹೊತ್ತು ನಿಂತ. ತನ್ನ ಮೇಲೆ ತಾನೇ ಬರೆದ ದೂರು ಅದು. ಅದನ್ನು ಕೊಟ್ಟರೆ ಈ ಊರಿನಲ್ಲಿ ಅವನ ಕೈಗೆ ಬೂಟು ಕೊಡುವವರು ಇರುವುದಿಲ್ಲ. ಆ ಕೈ ಬಿಟ್ಟರೆ ಅವನಿಗೆ ಬೇರೆ ಏನೂ ಇರಲಿಲ್ಲ.

ಮಧ್ಯಾಹ್ನ ಕಾರ್ಲಾ ಬಂದಳು. ಅರ್ಧಬಾಗಿಲಿನ ಆಚೆ, ಮಗ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು. ಓರೆಸ್ಟ್ ಕಾರ್ಡನ್ನು ಕೈಗೆ ಕೊಟ್ಟ. ಅವಳು ತಿರುಗಿಸಿ ಮುರುಗಿಸಿ ನೋಡಿದಳು.

"ನನಗಿದು ಅರ್ಥ ಆಗಲ್ಲ. ಓದಿ ಹೇಳಿ."

"ನವೆಂಬರ್ ಒಂಬತ್ತು. ಎಡ ಅಲಗು, ಮೂತಿ, ಹೊರ ಅಂಚು ಸವೆತ. ಉರುಟು ಮಾಡಿದೆ."

"ಉರುಟು ಅಂದ್ರೆ?"

"ತುದಿ ಹಿಮಕ್ಕೆ ಕಚ್ಚಬಾರದು ಅಂತ."

"ಕಚ್ಚಿದ್ರೆ ಏನಾಗ್ತಿತ್ತು?"

"ಬೀಳ್ತಿದ್ದ."

"ಆಮೇಲೆ?"

"ಜನವರಿ ಹದಿನಾಲ್ಕು. ಅದೇ ಸವೆತ, ಇನ್ನೂ ಜಾಸ್ತಿ. ಮತ್ತೆ ಉರುಟು." ಅವನು ಬೆರಳನ್ನು ಕೊನೆಯ ಸಾಲಿಗೆ ಇಳಿಸಿದ. "ಫೆಬ್ರವರಿ ಇಪ್ಪತ್ತೊಂದು. ಹಿಮ್ಮಡಿಗೆ ತಗಡು. ಮೂತಿ ಎತ್ತರ. ಕಾಲು ಹಿಂದೆ ಬರೋದು ಯಾರಿಗೂ ಕಾಣಬಾರದು ಅಂತ."

"ಹಾಗಂತ ಬರೆದಿದ್ದೀರಾ?"

"ಇಲ್ಲ. ಬರೆದಿಲ್ಲ. ಹೇಳ್ತಿದ್ದೀನಿ."

ಮೇಲೆ ಗಾಜಿನ ಆಚೆ ಯಾರೋ ಆಟದ ಬಿಲ್ಲೆ, ಪಕ್, ಹೊಡೆದ ಸದ್ದು ಗೋಡೆಯಲ್ಲಿ ಇಳಿದು ಬಂತು. ಕಾರ್ಲಾ ಬೆರಳು ಮಡಚಿ ತಿಂಗಳು ಎಣಿಸಿದಳು. ನವೆಂಬರಿನಿಂದ ಆಗಸ್ಟಿನವರೆಗೆ.

"ದಿನಾ ಅವನ ಎದುರಿಗೆ ಕೂತು ಊಟ ಮಾಡಿದೀನಿ," ಅಂದಳು. "ಚಪ್ಪಲಿ ಅಲ್ಲಲ್ಲಿ ಬಿಡ್ತಾನೆ ಅಂತ ಬೈದಿದೀನಿ. ಪಂದ್ಯದಲ್ಲಿ ಓಡೋದು ನೋಡಿ, ಕಾಲಿಗೇನಾಗಿದೆ, ಸೋಮಾರಿತನ ಅಷ್ಟೇ ಅಂದ್ಕೊಂಡೆ. ಆ ಶನಿವಾರ ಅವನು ಬಿದ್ದಿದ್ರೆ ಅವತ್ತೇ ಕರ್ಕೊಂಡು ಹೋಗ್ತಿದ್ದೆ."

ಅವಳು ಕೂಗಾಡಿದ್ದರೆ, ಕಾರ್ಡನ್ನು ಮುಖಕ್ಕೆ ಎಸೆದಿದ್ದರೆ ಓರೆಸ್ಟನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಅದನ್ನು ಕೈಚೀಲದಲ್ಲಿ ಜೋಪಾನವಾಗಿಟ್ಟು, ಬಾಗಿಲು ಮುಂದಕ್ಕೆಳೆದು ಹೋದಳು.

ಚಳಿಗಾಲ ಬರುವಷ್ಟರಲ್ಲಿ ಮುಕ್ಕಾಲು ಪಾಲು ಬೂಟುಗಳು ಹೆದ್ದಾರಿ ಪಕ್ಕದ ಹೊಸ ಅಂಗಡಿಗೆ ಹೋಗತೊಡಗಿದವು. ಓರೆಸ್ಟನ ಬಳಿ ಬಂದ ನಾಲ್ಕಾರು ಜೊತೆಗೂ ಅವನು ಬರಿಯ ಸಾಣೆ ಹಿಡಿಯುತ್ತಿದ್ದ. ಬಾಗಿಸುವುದಿಲ್ಲ, ತಗಡು ಕೊಡುವುದಿಲ್ಲ. ಸವೆತ ಕಂಡರೆ ಚೀಟಿ ಬರೆದು ಬೂಟಿನೊಳಗೆ ಇಟ್ಟು, ಅಪ್ಪ ಅಮ್ಮನಿಗೆ ತೋರಿಸು ಅನ್ನುತ್ತಿದ್ದ. ಚೀಟಿಗಳು ರಿಂಕಿನ ಕಸದ ಬುಟ್ಟಿಯಲ್ಲಿ ಸಿಗುತ್ತಿದ್ದವು.

ಫೆಬ್ರವರಿಯಲ್ಲಿ ಮೇಜಿನ ವಾದ ಮತ್ತೆ ಹತ್ತಿಕೊಂಡಿತು. ಬ್ಯಾಜರ್ಸ್ ಆ ವರ್ಷವೂ ಕೊನೆ. "ಏನಂತೀಯ ಓರೆಸ್ಟ್, ಯಾರನ್ನ ತಗೊಳ್ಳೋಣ?" ಎಂದು ಲಾಯ್ಡ್ ಹಳೇ ಸಲಿಗೆಯಲ್ಲಿ ಕೇಳಿದ. ರಸ್ ಟಿಬೋ ಮುಖ ಬೇರೆ ಕಡೆ ತಿರುಗಿಸಿದ.

"ನನಗೆ ಗೊತ್ತಾಗಲ್ಲ," ಅಂದ ಓರೆಸ್ಟ್.

ಆಗ ಕಾರ್ಲಾ ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಬಂದಳು. ಡೇನ್ ಪಂದ್ಯ ನೋಡಬೇಕೆಂದು ಹಟ ಹಿಡಿದಿದ್ದನಂತೆ. ಮುಖ ಊದಿತ್ತು; ಮಾತಿಗೆ ಮುಂಚಿನ ನಗು ಇರಲಿಲ್ಲ. ಗಾಜಿನ ಪಕ್ಕ ಅವನ ಕುರ್ಚಿ ನಿಲ್ಲಿಸಿ, ಅವಳು ಕಾಫಿಗೆಂದು ಸಾಲಿನಲ್ಲಿ ನಿಂತಳು.

ಓರೆಸ್ಟನ ಕಣ್ಣು ಅಭ್ಯಾಸಬಲದಿಂದ ಹುಡುಗನ ಕಾಲಿಗೇ ಹೋಯಿತು. ಎಡಪಾದ ಕುರ್ಚಿಯಲ್ಲಿ ಕಾಲಿಡುವ ಮೆಟ್ಟಿನಿಂದ ಜಾರಿ ನೆಲಕ್ಕೆ ತಾಗುತ್ತಿತ್ತು. ಹುಡುಗನಿಗೆ ಅದರ ಅರಿವಿಲ್ಲ. ಅವನು ಆಟ ನೋಡುತ್ತಿದ್ದ. ಓರೆಸ್ಟ್ ಎದ್ದ. ಬಗ್ಗಿದ. ಕೈ ತಾನಾಗಿ ಆ ಪಾದದತ್ತ ಹೋಯಿತು. ಯಾರಿಗೂ ಗೊತ್ತಾಗದ ಹಾಗೆ ಎತ್ತಿ ಇಟ್ಟುಬಿಡಬಹುದಿತ್ತು.

ಕೈ ಹಿಂದಕ್ಕೆ ತೆಗೆದುಕೊಂಡ. ನೆಟ್ಟಗೆ ನಿಂತು, ಕ್ಯಾಂಟೀನಿನ ಜನರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ, "ಕಾರ್ಲಾ," ಅಂತ ಕರೆದ. "ಹುಡುಗನ ಎಡಗಾಲು ಜಾರಿದೆ."

ಅವಳು ಬಂದಳು. ಮೊಣಕಾಲೂರಿ ಪಾದವನ್ನು ಮೆಟ್ಟಿನ ಮೇಲಿಟ್ಟು ಪಟ್ಟಿ ಬಿಗಿದಳು. ಓರೆಸ್ಟನ ಮುಖ ನೋಡಲಿಲ್ಲ. ಡೇನ್ ಗಾಜಿನಿಂದ ಕಣ್ಣು ತೆಗೆಯದೆ ಕೇಳಿದ:

"ಗೀಡೋ, ಆ ಏಳನೇ ನಂಬರಿನವನ ಅಲಗಿಗೆ ನೀವು ಸಾಣೆ ಹಿಡಿದದ್ದಾ?"

"ಅಲ್ಲ ಮರಿ," ಅಂದ ಓರೆಸ್ಟ್.