ಇಂಗಿಲ್ಲದ ಸಾರು, ಒಂಬತ್ತು ಮನೆ

೧೯೮೭ರಲ್ಲಿ, ಏಳನೇ ತರಗತಿಯ ನಡುವೆಯೇ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಿದ್ದಲ್ಲ. ಉಡುಪಿಯ ಒಂದು ಹೋಟೆಲಿನ ಒಲೆಯ ಮುಂದೆ ನಿಂತ ದಿನವೇ ನನ್ನ ಜಾಗ ಇದು ಅನ್ನಿಸಿತು. ಓದಿಲ್ಲವೆಂದು ಯಾರಾದರೂ ಕನಿಕರದಿಂದ ನೋಡಿದರೆ ಒಂದು ಲೋಟ ಸಾರು ಕೊಟ್ಟು ಸುಮ್ಮನಿರುತ್ತೇನೆ. ಕುಡಿದ ಮೇಲೆ ಆ ನೋಟ ಇರುವುದಿಲ್ಲ.

ಸಮುದ್ರ ದಾಟಿ ಬಂದು ನೆಲೆಸಿದ ಪೆನಾಂಗ್ ದ್ವೀಪದ ಬಯಾನ್ ಲೆಪಾಸಿನಲ್ಲಿ ನನ್ನದೊಂದು ಸಸ್ಯಾಹಾರಿ ಊಟದ ಮನೆ. ಫ್ಯಾಕ್ಟರಿಯ ಎಂಜಿನಿಯರುಗಳೇ ಗಿರಾಕಿಗಳು. ಅವರಲ್ಲಿ ಒಬ್ಬ ಅಮೆರಿಕದ ಯಹೂದಿ. ೨೦೨೦ರ ಮಾರ್ಚಿನಲ್ಲಿ ಎಲ್ಲ ಮುಚ್ಚಿ ನಾನು ಬರೀ ತಪಾವ್, ಅಂದರೆ ಪಾರ್ಸೆಲ್, ಕೊಡುತ್ತಿದ್ದಾಗ ಅವನು ನನ್ನ ನಂಬರನ್ನು ಆಸ್ಟ್ರೇಲಿಯಾದಲ್ಲಿರುವ ಒಬ್ಬ ವೃದ್ಧೆಗೆ ಕೊಟ್ಟ. ನಾನು ಆಕೆಯನ್ನು ಆಂಟಿ ಎಂದೇ ಕರೆದೆ.

ಆಂಟಿ ಹುಟ್ಟಿದ್ದು ಪೆನಾಂಗಿನಲ್ಲೇ. ಬಾಗ್ದಾದಿನಿಂದ ಕಲ್ಕತ್ತೆಗೆ, ಅಲ್ಲಿಂದ ಇಲ್ಲಿಗೆ ಬಂದ ಯಹೂದಿ ವ್ಯಾಪಾರಿಗಳ ಮನೆತನ. ಅವರ ಜನ ಒಬ್ಬೊಬ್ಬರಾಗಿ ಊರು ಬಿಟ್ಟರು. ಉಳಿದದ್ದು ಒಂದು ಸ್ಮಶಾನ ಮತ್ತು ಆಕೆಯ ತಂದೆ ಇಟ್ಟುಹೋದ ಒಂದು ದತ್ತಿ. ಆ ದತ್ತಿಯಿಂದ ಸ್ಮಶಾನದ ಹುಲ್ಲು ಕತ್ತರಿಸುತ್ತಾರೆ, ಗೋಡೆಗೆ ಸುಣ್ಣ ಬಳಿಯುತ್ತಾರೆ. ವರ್ಷಕ್ಕೊಮ್ಮೆ, ಪೆಸಾಖ್ ಹಬ್ಬದ ಮೊದಲ ಸಂಜೆ, ದ್ವೀಪದಲ್ಲಿರುವ ತಮ್ಮ ಜನರನ್ನೆಲ್ಲ ಹುಡುಕಿ ಒಂದೇ ಮೇಜಿಗೆ ಕೂರಿಸುತ್ತಾರೆ. ತಾವು ಯಹೂದಿಗಳೆಂದು ದೊಡ್ಡದಾಗಿ ಹೇಳಿಕೊಳ್ಳುವ ಜನ ಅಲ್ಲ. ಆ ವರ್ಷ ಇದ್ದದ್ದು ಒಂಬತ್ತು ಮನೆ, ಒಟ್ಟಿಗೆ ಕೂರುವಂತಿಲ್ಲದ್ದರಿಂದ ಊಟವೇ ಮನೆಮನೆಗೆ ಹೋಗಬೇಕಿತ್ತು. ಸಿಂಗಾಪುರದಿಂದ ಬರುತ್ತಿದ್ದ ಅಡುಗೆಯವನಿಗೆ ಗಡಿ ಮುಚ್ಚಿತ್ತು, ಅದಕ್ಕೇ ಆಂಟಿ ನನ್ನನ್ನು ಕೇಳಿದ್ದು.

"ಬಾಸ್, ಒಂದು ವರ್ಷ ಊಟ ತಪ್ಪಿದರೆ ಮುಂದಿನ ವರ್ಷ ಇವರು ಒಬ್ಬರನ್ನೊಬ್ಬರು ಮರೀತಾರೆ ಲಾ," ಅಂದರು ಆಂಟಿ. ಊರು ಬಿಟ್ಟರೂ ಪೆನಾಂಗಿನ ಮಾತಿನ 'ಲಾ' ಅವರ ನಾಲಿಗೆ ಬಿಟ್ಟಿರಲಿಲ್ಲ. "ಆಮೇಲೆ ನಾವು ಅಂತ ಅಲ್ಲಿ ಉಳಿಯೋದು ಸಮಾಧಿಗಳು ಮಾತ್ರ."

ಕಟ್ಟಳೆ ಸರಳ, ಆದರೆ ಬಿಗಿ. ಎಂಟು ದಿನ ಗೋಧಿಯ ಒಂದು ಕಣವೂ ಕೂಡದು. ಗೋಧಿಯದೇ ಆದರೂ ಹುಳಿ ಬರುವ ಮೊದಲೇ ಸುಟ್ಟ ಅವರ ರೊಟ್ಟಿಗೆ ಮಾತ್ರ ವಿನಾಯಿತಿ, ಅದು ಮೊದಲೇ ಹಡಗಿನಲ್ಲಿ ಬಂದಿತ್ತು. ಅಕ್ಕಿ ಬೇಳೆ ಆಂಟಿಯ ಕಡೆಯವರಿಗೆ ಆಗುತ್ತದೆ. ಆದರೆ ಗೋಧಿ ಕಾಳು ಸೇರಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಅಕ್ಕಿಯನ್ನು ಮೂರು ಸಲ ಆರಿಸಬೇಕು. ಪಾತ್ರೆ ಹೊಸದಾಗಿರಬೇಕು, ದತ್ತಿಯ ದುಡ್ಡಿನಲ್ಲಿ ಆನ್‌ಲೈನಿನಿಂದ ನಾಲ್ಕು ಹೊಸ ಪಾತ್ರೆ ತರಿಸಿದೆ. ಬಿಳಿ ಬಟ್ಟೆ ಹಾಸಿ ನಾನೂ ನನ್ನ ಹೆಂಡತಿಯೂ ಎರಡು ದಿನ ಅಕ್ಕಿ ಆರಿಸಿದೆವು. ಆಂಟಿ ವಿಡಿಯೋದಲ್ಲಿ ನೋಡುತ್ತಿದ್ದರು.

"ಪೊಟ್ಟಣ ಎಲ್ಲ ಓದಿದ್ದೀರಾ ಬಾಸ್?"

"ಆಂಟಿ, ನಮ್ಮಲ್ಲಿ ಮಡಿ ಅಂತ ಉಂಟು. ನೀವು ನನಗೆ ಇದನ್ನು ಕಲಿಸುವುದು ಬೇಡ. ಮಸಾಲೆ ಎಲ್ಲ ನನ್ನ ಕೈಯಲ್ಲೇ ಹುರಿದು ಪುಡಿ ಮಾಡಿದ್ದು."

ಹಬ್ಬದ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಸಾರು, ತೊವ್ವೆ, ಬೀನ್ಸ್ ಪಲ್ಯ ಎಲ್ಲ ಸಿದ್ಧವಾಗಿತ್ತು. ಒಗ್ಗರಣೆಯ ಸಾಮಾನು ಎತ್ತಿಡುತ್ತಿದ್ದ ಹೆಂಡತಿ ಇಂಗಿನ ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಕುಂದಾಪುರದವಳು, ಎಸ್ಸೆಸ್ಸೆಲ್ಸಿ ಪಾಸು.

"ಮಾರಾಯ್ರೆ, ಇದ್ರಲ್ಲಿ ಮೈದಾ ಉಂಟು."

"ಎಂತ ಮೈದಾ? ಅದು ಇಂಗು."

"ಬರ್ದಿದಾರೆ ನೋಡಿ. ಗೋಧಿ ಹಿಟ್ಟು, ಅಂಟು, ಆಮೇಲೆ ಇಂಗು."

ಮೂವತ್ತಮೂರು ವರ್ಷ ಇಂಗು ಹಾಕಿದ ಕೈ ನನ್ನದು. ಡಬ್ಬಿಯ ಮೇಲೆ ಬರೆದದ್ದನ್ನು ಒಂದು ದಿನವೂ ಓದಿರಲಿಲ್ಲ. ಇಂಗಿಲ್ಲದ ಒಗ್ಗರಣೆ ನನಗೆ ಗೊತ್ತೇ ಇರಲಿಲ್ಲ. ಅನ್ನದ ಪಾತ್ರೆ ಬಿಟ್ಟು ಉಳಿದ ಮೂರಕ್ಕೂ ಅದು ಬಿದ್ದಿತ್ತು.

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಫೋನ್ ಮಾಡಿದೆ.

ಆಂಟಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕೇಳಿದ್ದು ಇಷ್ಟೇ: "ಬರೀ ಅನ್ನ ಕಳಿಸೋಣವಾ?"

"ನನ್ನ ಅಡುಗೆಮನೆಯಿಂದ ಹಬ್ಬಕ್ಕೆ ಬರೀ ಅನ್ನ ಹೋಗುವುದಿಲ್ಲ ಆಂಟಿ. ಇನ್ನೊಮ್ಮೆ ಮಾಡುತ್ತೇನೆ."

"ಪಾತ್ರೆ?"

ಅದೇ ಪ್ರಶ್ನೆ. ಆ ಮೂರು ಪಾತ್ರೆ ಇನ್ನು ಬಳಕೆಗೆ ಬಾರದು. ಪಾತ್ರೆ ಅಂಗಡಿಗಳೆಲ್ಲ ಮುಚ್ಚಿದ್ದವು, ಮತ್ತೆ ತರಿಸಲು ಹೊತ್ತಿರಲಿಲ್ಲ. ಆದರೆ ಉಗ್ರಾಣದಲ್ಲಿ ಪುಚೊಂಗ್ ಎಂಬ ಇನ್ನೊಂದು ಊರಿಗೆಂದು ತಂದ ಪಾತ್ರೆಗಳಿದ್ದವು. ಅಲ್ಲಿ ಎರಡನೇ ಊಟದ ಮನೆ ತೆರೆಯಲು ಐದು ವರ್ಷ ಕೂಡಿಟ್ಟು ಕೊಂಡವು. ಲಾಕ್‌ಡೌನ್ ಬಂದು ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಅವುಗಳಲ್ಲಿ ಮೊದಲು ಪಾಯಸ ಮಾಡಿ ಆಮೇಲೆ ಬಾಗಿಲು ತೆರೆಯಬೇಕೆಂದು ಹೆಂಡತಿ ಹರಕೆ ಹೇಳಿಕೊಂಡಿದ್ದಳು.

ನಾನು ಅವಳನ್ನು ಕೇಳಲೂ ಇಲ್ಲ. ಅವಳೇ ಕತ್ತರಿ ತಂದು ಪ್ಲಾಸ್ಟಿಕ್ ಸೀಳಿದಳು.

"ಇಂಗು ತೆಂಗು ಇದ್ರೆ ಮಂಗನೂ ಅಡುಗೆ ಮಾಡ್ತದಂತೆ," ಅಂದಳು. "ಈಗ ಇಂಗಿಲ್ಲ. ಮಂಗ ಯಾರು, ಭಟ್ರು ಯಾರು ಅಂತ ಗೊತ್ತಾಗ್ತದೆ."

ಒಲೆ ತಿಕ್ಕಿ ತೊಳೆದು, ಬಟ್ಟೆ ಬದಲಿಸಿ, ಮೊದಲಿನಿಂದ ಶುರು ಮಾಡಿದೆವು. ಇಂಗಿನ ಜಾಗಕ್ಕೆ ಏನು? ಜೀರಿಗೆ ಜಾಸ್ತಿ ಮಾಡಿದೆ, ಶುಂಠಿ ಜಜ್ಜಿದೆ, ಕರಿಬೇವನ್ನು ತುಪ್ಪದಲ್ಲಿ ಗರಿಗರಿಯಾಗುವ ತನಕ ಬಿಟ್ಟೆ. ರುಚಿ ನೋಡಿ ಹೆಂಡತಿ ಇನ್ನರ್ಧ ಸೌಟು ಬಡಿಸಿಕೊಂಡಳು. ಅಷ್ಟು ಸಾಕಾಯಿತು.

ಸೂರ್ಯ ಮುಳುಗುವುದು ಏಳೂವರೆಯ ಹೊತ್ತಿಗೆ. ಮನೆಗೊಬ್ಬರೇ ಹೊರಗೆ ಬರಬಹುದಾದ ಕಾಲ, ವ್ಯಾನಿನಲ್ಲಿ ನಾನೊಬ್ಬನೇ. ಕಾಂಡೊಗಳ, ಅಂದರೆ ಅವರ ಅಪಾರ್ಟ್‌ಮೆಂಟುಗಳ, ಕಾವಲು ಕಟ್ಟೆಯಲ್ಲಿ ಊಟ ಇಟ್ಟು, ಫೋನ್ ಮಾಡಿ, ಮುಂದಿನ ಗೇಟಿಗೆ ಓಡಿದೆ. ಒಂಬತ್ತನೆಯ ಮನೆ ನಮ್ಮ ಎಂಜಿನಿಯರನದು. ಮೇಲಿನ ಬಾಲ್ಕನಿಯಿಂದ ಅವನ ಮಗಳು ಕೂಗಿದಳು, "ಅಪ್ಪಾ, ಸೂಪ್ ಅಂಕಲ್!" ಗಡಿಯಾರ ನೋಡಿದೆ. ಏಳಕ್ಕೆ ಹತ್ತು ನಿಮಿಷ.

ಹಬ್ಬದ ಮೊದಲೆರಡು ದಿನ ಆಂಟಿ ಫೋನ್ ಮುಟ್ಟುವುದಿಲ್ಲ, ಆ ಸಲ ಬೆನ್ನಿಗೇ ಶನಿವಾರದ ಕಟ್ಟಳೆಯೂ ಸೇರಿತು. ನಾಲ್ಕನೆಯ ದಿನ ಮಾತಾಡಿದರು.

"ಬಾಸ್, ಒಂಬತ್ತು ಮನೆಯವರೂ ಒಂದೇ ಪ್ರಶ್ನೆ ಕೇಳ್ತಿದ್ದಾರೆ. ಸಾರಿಗೆ ಏನು ಹಾಕಿದ್ರಿ?"

"ಏನು ಹಾಕಿಲ್ಲ ಅಂತ ಕೇಳಿ!" ಹೆಂಡತಿ ಒಳಗಿನಿಂದ ಕೂಗಿದಳು.

ಆಂಟಿ ನಗುತ್ತಲೇ ಹೊಸ ಪಾತ್ರೆಗಳ ಬೆಲೆ ಕೇಳಿದರು. ತಪ್ಪು ನನ್ನದು, ದತ್ತಿಯ ದುಡ್ಡು ಬೇಡ ಅಂದೆ.

"ಅದು ಆಗೋದಿಲ್ಲ. ಸುಮ್ಮನೆ ಕೊಟ್ಟರೆ ನೀವೂ ದಾನಿ ಆಗ್ತೀರಿ. ನಮ್ಮ ಪುಸ್ತಕದಲ್ಲಿ ದಾನಿಗಳ ಹೆಸರು ಬರೀತೀವಿ ಲಾ."

"ಬರೆಯಿರಿ," ಅಂದೆ. "ಏಳನೇ ಕ್ಲಾಸು ಅಂತಲೂ ಬರೆಯಿರಿ."

ಮರುವರ್ಷ ನಾನು ಕೇಳುವ ಮೊದಲೇ ಹಬ್ಬದ ಅಡುಗೆ ನನ್ನದಾಯಿತು. ಗಡಿ ತೆರೆದ ಮೇಲೂ ಆ ಕೆಲಸ ಸಿಂಗಾಪುರದವನಿಗೆ ಮರಳಿ ಹೋಗಲಿಲ್ಲ. ಈಗ ಅವರು ಮತ್ತೆ ಒಂದೇ ಮೇಜಿಗೆ ಕೂರುತ್ತಾರೆ, ಬಡಿಸುವವನು ನಾನು.

ಈಗ ನನಗಿರುವುದು ಎರಡು ಊಟದ ಮನೆ, ಹದಿನಾಲ್ಕು ಜನ ಕೆಲಸದವರು, ಎರಡು ವ್ಯಾನು, ಒಬ್ಬಳು ಹೆಂಡತಿ, ಮತ್ತು ಹಬ್ಬಕ್ಕೆ ನನ್ನ ದಾರಿ ನೋಡುವ ಹದಿಮೂರು ಮನೆ.